ಜಾರ್ಜ್ ವಾಷಿಂಗ್ಟನ್ ಕಾರ್ವರ್

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮಗಿರಿ ಅಳಿಯುವ ಕಾಲ ಸಮೀಪಿಸಿತ್ತು. 1864ರ ಸುಮಾರಿನಲ್ಲಿ ಮಿಸೌರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಬಳಿ, ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತನ ಮನೆಯಲ್ಲಿ ಗುಲಾಮಳಾಗಿದ್ದ ಮೇರಿ ಎಂಬಾಕೆಗೆ ಒಂದು ಗಂಡುಮಗು ಹುಟ್ಟಿತು. ಗುಲಾಮರ ಮಕ್ಕಳ ಹುಟ್ಟಿದ ದಿನವನ್ನು ಬರೆದಿಡುವವರು ಯಾರು? ಆದುದರಿಂದ ಆತನ ಜನ್ಮದಿನ ಯಾರಿಗೂ ತಿಳಿಯದು. ಮಗು ಇನ್ನೂ ಎಳೆಯದಾಗಿರುವಾಗಲೇ ದರೋಡೆಕೋರರು ತಾಯಿಯನ್ನೂ ಮಗುವನ್ನೂ ಹೊತ್ತೊಯ್ದರು. ಮೋಸೆಸನು ಅಟ್ಟಿದ ಮನುಷ್ಯನು ಮಗುವನ್ನು ಮಾತ್ರ ಹಿಂದಕ್ಕೆ ತಂದನು. ಆ ಉಪಕಾರಕ್ಕಾಗಿ ಅವನಿಗೆ ಒಂದು ಕುದುರೆಯನ್ನು ಕೊಡಲಾಯಿತೆಂದು ಹೇಳುತ್ತಾರೆ. ತಾಯಿಯ ಸುಳಿವು ಮತ್ತೆಂದೂ ಸಿಗಲಿಲ್ಲ.

ಜಾರ್ಜನದು ದುರ್ಬಲವಾದ ಮೈ. ಹೊಲದ ಕಠಿಣವಾದ ದುಡಿಮೆ ಅವನಿಂದ ಆಗುತ್ತಿರಲಿಲ್ಲ. ಮೋಸೆಸನ ಹೆಂಡತಿ ಸೂಸನ್ ಅವನಿಗೆ ಅಡುಗೆ, ಹೊಲಿಗೆ, ಕೈತೋಟದ ಕೆಲಸಗಳನ್ನು ಕಲಿಸಿದಳು. ಬಿಡುವು ದೊರೆತಾಗಲೆಲ್ಲ ಬಾಲಕನು ಕಾಡಿನಲ್ಲಿ ಅಲೆದು ಗಿಡಗಳನ್ನು ಕಿತ್ತು ತಂದು ನೆಟ್ಟು ಬೆಳೆಸುತ್ತಿದ್ದನು. ಬಾಡಿದ ಗಿಡವನ್ನು ಚಿಗುರಿಸುವ ಅವನ ಕೈಗುಣವನ್ನು ಕಂಡ ನೆರೆಹೊರೆಯವರು ಅವನನ್ನು ಗಿಡಗಳ ವೈದ್ಯನೆಂದು ಕರೆಯತೊಡಗಿದರು. ಮುಂದೆ ಅವನು ಸೋತ ನೆಲಕ್ಕೂ ವೈದ್ಯನಾಗಬೇಕಾಗಿತ್ತು.

ಕರಿಯ ಮಕ್ಕಳಿಗೆ ಆ ಹಳ್ಳಿಯಲ್ಲಿ ಶಾಲೆಯಿರಲಿಲ್ಲ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಅವನು ಒಬ್ಬನೇ ನಿಯೋಷೋ ಎಂಬ ಊರಿಗೆ ನಡೆದುಹೋಗಿ, ಬಟ್ಟೆ ಒಗೆಯುವ ಮರಾಯ ವಾಟ್ಕಿನ್ಸ್ ಎಂಬ ತಾಯಿಯ ಮನೆಯಲ್ಲಿ ಕೆಲಸ ಮಾಡಿಕೊಂಡು ಓದಿದನು. ಬಳಿಕ ಕಾನ್ಸಸ್ ರಾಜ್ಯದ ಒಂದು ಕಾಲೇಜು ಅವನ ಅರ್ಜಿಯನ್ನು ಒಪ್ಪಿಕೊಂಡಿತು. ಆದರೆ ಬಾಗಿಲಲ್ಲಿ ನಿಂತವನ ಮೈಬಣ್ಣವನ್ನು ಕಂಡೊಡನೆ ಹಿಂದಕ್ಕೆ ಕಳುಹಿಸಿತು. ಕೊನೆಗೆ 1890ರಲ್ಲಿ ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜು ಅವನನ್ನು ಸೇರಿಸಿಕೊಂಡಿತು. ಅಲ್ಲಿ ಅವನು ಕಲಿತದ್ದು ಚಿತ್ರಕಲೆ. ಅವನು ಬರೆದ ಗಿಡಗಳ ಚಿತ್ರಗಳನ್ನು ಕಂಡ ಉಪಾಧ್ಯಾಯಿನಿ ಎಟ್ಟಾ ಬಡ್, ಸಸ್ಯಶಾಸ್ತ್ರವನ್ನು ಓದುವಂತೆ ಪ್ರೇರಿಸಿದಳು. ಏಮ್ಸ್ ನಗರದ ಕೃಷಿ ಕಾಲೇಜನ್ನು ಸೇರಿ 1894ರಲ್ಲಿ ಪದವಿಯನ್ನೂ 1896ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದನು. ಆ ಕಾಲೇಜಿನಲ್ಲಿ ಓದಿದ ಮೊದಲ ಕರಿಯ ವಿದ್ಯಾರ್ಥಿ ಅವನೇ. ಅಲ್ಲಿ ಪಾಠ ಹೇಳಿದ ಮೊದಲ ಕರಿಯ ಉಪಾಧ್ಯಾಯನೂ ಅವನೇ.

ಅದೇ ವರ್ಷ ಅಲಬಾಮಾ ರಾಜ್ಯದ ಟಸ್ಕೀಗಿಯಿಂದ ಕರೆ ಬಂದಿತು. ಅಲ್ಲಿ ಬುಕರ್ ಟಿ. ವಾಷಿಂಗ್ಟನ್ ಎಂಬ ಮಹನೀಯರು ಕರಿಯರಿಗಾಗಿ ವಿದ್ಯಾಸಂಸ್ಥೆಯೊಂದನ್ನು ಕಟ್ಟಿ ನಡೆಸುತ್ತಿದ್ದರು. ನೆಮ್ಮದಿಯ ಸ್ಥಾನವನ್ನು ಬಿಟ್ಟು ಕಾರ್ವರ್ ಅವರು ದಕ್ಷಿಣಕ್ಕೆ ಹೊರಟರು. ಅಲ್ಲಿ ಪ್ರಯೋಗಶಾಲೆಯೇ ಇರಲಿಲ್ಲ. ಕಸದ ರಾಶಿಗಳಲ್ಲಿ ಬಿದ್ದಿದ್ದ ಒಡೆದ ಸೀಸೆಗಳನ್ನೂ ಹಳೆಯ ಡಬ್ಬಿಗಳನ್ನೂ ವಿದ್ಯಾರ್ಥಿಗಳೊಡನೆ ಆಯ್ದು ತಂದು ಅವುಗಳಿಂದಲೇ ಉಪಕರಣಗಳನ್ನು ಮಾಡಿಕೊಂಡರು.

ಸುತ್ತಲಿನ ನೆಲವಾದರೋ ವರ್ಷವರ್ಷವೂ ಹತ್ತಿಯೊಂದನ್ನೇ ಬೆಳೆದು ಸತ್ತ್ವಗುಂದಿತ್ತು. ಗುಲಾಮಗಿರಿ ಹೋಗಿದ್ದರೂ ರೈತನ ಕೈಕಾಲುಗಳ ಕಟ್ಟು ಬಿಚ್ಚಿರಲಿಲ್ಲ. ನೆಲ ಒಡೆಯನದು, ಬಿತ್ತನೆಯ ಬೀಜ, ಹಿಟ್ಟು, ಹಂದಿಯ ಕೊಬ್ಬು ಎಲ್ಲವೂ ಅಂಗಡಿಯಿಂದ ಸಾಲವಾಗಿ ಬರತಕ್ಕವು. ಸಾಲಗಾರನು ಕೇಳುತ್ತಿದ್ದುದು ಹತ್ತಿಯನ್ನೇ. ಆದುದರಿಂದ ಗುಡಿಸಲಿನ ಬಾಗಿಲವರೆಗೂ ಹತ್ತಿ ಬೆಳೆಯುತ್ತಿತ್ತು. ಒಂದು ಬದನೆಯ ಗಿಡಕ್ಕೂ ಎಡೆಯಿರುತ್ತಿರಲಿಲ್ಲ. ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ಸಾಲ ತೀರಿರುತ್ತಿರಲಿಲ್ಲ. ಮುಸುಕಿನ ಜೋಳ, ಕೊಬ್ಬು, ಕಾಕಂಬಿ ಇವಿಷ್ಟೇ ವರ್ಷದ ಊಟ. ಅದರಿಂದ ಪೆಲಾಗ್ರ ಎಂಬ ಭೀಕರ ರೋಗ ಹಬ್ಬಿತ್ತು. ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಅದಕ್ಕೆ ಕಾರಣವೆಂದು ಗೊತ್ತಾದುದು 1937ರಲ್ಲಿ. ಆ ಜೀವಸತ್ವ ಕಡಲೆಕಾಯಿಯಲ್ಲಿ ಧಾರಾಳವಾಗಿದೆ.

ರೈತನು ಅಂಗಡಿಯ ಬಾಗಿಲಿಗೆ ಹೋಗದಂತೆ ಮಾಡಬೇಕು, ಅವನ ಊಟ ಅವನ ಹಿತ್ತಿಲಿನಲ್ಲಿಯೇ ಬೆಳೆಯಬೇಕು ಎಂಬುದು ಕಾರ್ವರ್ ಅವರ ಸಂಕಲ್ಪವಾಯಿತು. ಕೊಂಡು ತರುವ ಗೊಬ್ಬರಕ್ಕೆ ಬಡವನಲ್ಲಿ ಹಣವೆಲ್ಲಿ? ಕಾಡಿನ ತರಗೆಲೆ, ಜೌಗುನೆಲದ ಕಪ್ಪು ಮಣ್ಣು, ಕೊಟ್ಟಿಗೆಯ ಕಸ ಇವನ್ನು ಕೂಡಿಹಾಕಿ ಕೊಳೆಸಿ ನೆಲಕ್ಕೆ ಹಾಕುವುದನ್ನು ಅವರು ತೋರಿಸಿಕೊಟ್ಟರು. ನಮ್ಮ ಹಳ್ಳಿಗಳ ತಿಪ್ಪೆಯನ್ನು ಬಲ್ಲವರಿಗೆ ಇದೇನೂ ಹೊಸತಲ್ಲ. ಹತ್ತಿಯ ಬೆನ್ನಿಗೆ ಅಲಸಂದೆಯನ್ನಾಗಲಿ ಕಡಲೆಕಾಯಿಯನ್ನಾಗಲಿ ಬಿತ್ತಬೇಕೆಂದು ಬೋಧಿಸಿದರು. ಈ ಗಿಡಗಳ ಬೇರಿನ ಗಂಟುಗಳಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸೇರಿಸುತ್ತವೆ. ಹೀಗೆ ಒಂದೇ ಬೆಳೆ ಮನುಷ್ಯನಿಗೂ ಮಣ್ಣಿಗೂ ಉಣಿಸುತ್ತಿತ್ತು.

ಓದುಬಲ್ಲವರಿಗಾಗಿ ಅವರು ಸುಲಭವಾದ ಮಾತಿನಲ್ಲಿ ಕಿರುಪುಸ್ತಿಕೆಗಳನ್ನು ಬರೆದರು. 1898ರಿಂದ ಮೊದಲಾಗಿ ಇಂಥವು ನಲವತ್ತಕ್ಕೂ ಹೆಚ್ಚು ಹೊರಬಂದವು. 1916ರಲ್ಲಿ ಬಂದ ಒಂದು ಪುಸ್ತಿಕೆಯಲ್ಲಿ ಕಡಲೆಕಾಯಿಯನ್ನು ಬೆಳೆಯುವ ಕ್ರಮದ ಜೊತೆಗೆ ಅದರಿಂದ ಮಾಡಬಹುದಾದ 105 ಬಗೆಯ ತಿನಿಸುಗಳ ವಿವರವಿತ್ತು. ಬೆಳೆದುದನ್ನು ಬೇಯಿಸಲು ತಿಳಿಯದಿದ್ದರೆ ಬೆಳೆದೇನು ಫಲ ಎಂಬುದನ್ನು ಬಾಲ್ಯದಲ್ಲಿ ಅಡುಗೆ ಕಲಿತಿದ್ದ ಈ ವಿಜ್ಞಾನಿ ಚೆನ್ನಾಗಿ ಬಲ್ಲವರಾಗಿದ್ದರು. ಓದು ಬಾರದವರ ಬಳಿಗೆ ಶಾಲೆಯೇ ಹೋಗಬೇಕಾಗಿತ್ತು. 1906ರಲ್ಲಿ ನ್ಯೂಯಾರ್ಕಿನ ಧನಿಕ ಮಾರಿಸ್ ಜೆಸಪ್ ನೀಡಿದ ಹಣದಿಂದ ಒಂದು ಬಂಡಿ ಸಿದ್ಧವಾಯಿತು. ನೇಗಿಲು, ಬೀಜ, ಬೆಣ್ಣೆ ಕಡೆಯುವ ಯಂತ್ರ ಮೊದಲಾದುವನ್ನು ಹೊತ್ತು ಅದು ಹಳ್ಳಿಯಿಂದ ಹಳ್ಳಿಗೆ ಸಾಗಿತು. ಹೊಲದ ಬದುವೇ ತರಗತಿಯಾಯಿತು.

1910ರ ಸುಮಾರಿಗೆ ಹತ್ತಿಯ ಕಾಯಿಯನ್ನು ಕೊರೆಯುವ ಮೂತಿಹುಳು ಅಲಬಾಮಾವನ್ನು ಹೊಕ್ಕಿತು. ಹತ್ತಿಯನ್ನೇ ನಂಬಿದವರು ನೆಲಕಚ್ಚಿದರು. ಆಗ ಕಡಲೆಕಾಯಿಗೆ ಬೆಲೆ ಬಂದಿತು. ಆ ರಾಜ್ಯದ ಎಂಟರ್‌ಪ್ರೈಸ್ ಎಂಬ ಊರಿನವರು ಕಡಲೆಕಾಯಿ ಬೆಳೆದು ಚೇತರಿಸಿಕೊಂಡು, ತಮ್ಮ ಕಣ್ಣು ತೆರೆಸಿದುದಕ್ಕಾಗಿ 1919ರಲ್ಲಿ ಆ ಹುಳುವಿಗೇ ಸ್ಮಾರಕವನ್ನು ನಿಲ್ಲಿಸಿದರು! 1921ರಲ್ಲಿ ಕಾರ್ವರ್ ಅವರು ರಾಷ್ಟ್ರದ ಶಾಸನಸಭೆಯ ಸಮಿತಿಯ ಮುಂದೆ ಕಡಲೆಕಾಯಿಯ ಪರವಾಗಿ ಮಾತನಾಡಿದರು. ಮೊದಲು ಕುಹಕವಾಡಿದ ಸದಸ್ಯರು ಆಮೇಲೆ ಕೊಟ್ಟ ಹತ್ತು ನಿಮಿಷವನ್ನು ವಿಸ್ತರಿಸಿ ಆಲಿಸಿದರು.

ಅಲ್ಲಿಂದ ಅವರ ಕೀರ್ತಿ ದೇಶವೆಲ್ಲ ಹರಡಿತು. ಕಡಲೆಕಾಯಿಯಿಂದ ಅವರು ತಯಾರಿಸಿದ ಮುನ್ನೂರು ಬಗೆಯ ವಸ್ತುಗಳನ್ನು ಪತ್ರಿಕೆಗಳು ಕೊಂಡಾಡಿದವು. ನಿಜ ಹೇಳಬೇಕೆಂದರೆ ಅವುಗಳಲ್ಲಿ ಬಹುಪಾಲು ಎಂದೂ ಮಾರುಕಟ್ಟೆಯನ್ನು ಕಾಣಲಿಲ್ಲ. ಕಡಲೆಕಾಯಿಯ ಬೆಣ್ಣೆಯನ್ನು ಕಂಡುಹಿಡಿದವರೂ ಅವರಲ್ಲ. ಹಿತ್ತಿಲಿಗೂ ತಿಪ್ಪೆಗೂ ಅವರು ಕೊಟ್ಟ ಆಯುಷ್ಯವನ್ನು ಈ ಜಯಕಾರ ಮರೆಮಾಡಿತು. ಆ ಕೆಲಸಕ್ಕೂ ಒಂದು ಎಲ್ಲೆಯಿತ್ತು. ಹತ್ತಿಯನ್ನೇ ಬಿತ್ತೆಂದು ಒಡೆಯನು ಹಟ ಹಿಡಿದಲ್ಲಿ ಪಾಲಿಗೆ ದುಡಿಯುವ ರೈತನಿಗೆ ಅವರ ಪುಸ್ತಿಕೆ ಏನು ಮಾಡೀತು? ಲಕ್ಷಾಂತರ ಮಂದಿ ಕರಿಯರು ಊರು ಬಿಟ್ಟು ಉತ್ತರದ ನಗರಗಳಿಗೆ ಹೊರಟುಹೋದರು. ಸ್ವಂತ ನೆಲವುಳ್ಳವರೂ ತುಂಡು ಹಿತ್ತಿಲುಳ್ಳವರೂ ಅವರ ಮಾತಿನಿಂದ ಬದುಕನ್ನು ಹಸನು ಮಾಡಿಕೊಂಡರು.

ಕಾರ್ವರ್ ಅವರು ಮದುವೆಯಾಗಲಿಲ್ಲ. ಹಳೆಯ ಕೋಟು, ಅದರ ಗುಂಡಿಯ ಕಿಂಡಿಯಲ್ಲಿ ದಿನವೂ ಒಂದು ಹೊಸ ಹೂ, ಇದೇ ಅವರ ಅಲಂಕಾರ. ಗಾಂಧೀಜಿಯವರ ಮಿತ್ರರಾದ ಸಿ. ಎಫ್. ಆಂಡ್ರೂಸರು 1929ರಲ್ಲಿ ಟಸ್ಕೀಗಿಗೆ ಬಂದಾಗ, ಅವರ ಮೂಲಕ ಗಾಂಧೀಜಿಯವರಿಗೆ ಸಸ್ಯಾಹಾರದ ಕುರಿತು ಸಲಹೆಗಳನ್ನು ತಿಳಿಸಿದರು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಹೊಲಗದ್ದೆಗಳ ಬದುವಿನಲ್ಲಿ ತಾನಾಗಿ ಬೆಳೆಯುವ ಕಳೆಗಳಲ್ಲಿ ಯಾವುವನ್ನು ಸೊಪ್ಪಾಗಿ ಬೇಯಿಸಿ ತಿನ್ನಬಹುದೆಂದು ವಿವರಿಸುವ ಪುಸ್ತಿಕೆಯನ್ನು ಬರೆದರು. ಸಂಬಳದಲ್ಲಿ ಉಳಿಸಿದ ಹಣವನ್ನೆಲ್ಲ ಕೃಷಿ ಸಂಶೋಧನೆಗೆಂದು ಬಿಟ್ಟು, 1943ರ ಜನವರಿ 5ರಂದು ಟಸ್ಕೀಗಿಯಲ್ಲಿ ತೀರಿಕೊಂಡರು. ಬುಕರ್ ವಾಷಿಂಗ್ಟನ್ ಅವರ ಸಮಾಧಿಯ ಪಕ್ಕದಲ್ಲಿಯೇ ಅವರನ್ನು ಮಣ್ಣು ಮಾಡಿದರು.