ಟೆಕ್ಸಾಸಿನ ಹುವಾನ್ ಸೆಗೀನ್

ಇಂದು ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾಗಿರುವ ಟೆಕ್ಸಾಸು 1836ರಿಂದ 1845ರ ವರೆಗೆ ಸ್ವತಂತ್ರ ಗಣರಾಜ್ಯವಾಗಿದ್ದಿತೆಂಬುದನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಬಲ್ಲರು. ಆ ರಾಜ್ಯದ ಪ್ರಸ್ತಾಪ ಬಂದಾಗ ಸ್ಯಾಮ್ ಹೂಸ್ಟನ್, ಸ್ಟೀಫನ್ ಆಸ್ಟಿನ್ ಎಂಬವರ ಹೆಸರುಗಳನ್ನೆತ್ತುವುದು ವಾಡಿಕೆ. ಅವರಿಗೆ ಹೆಗಲುಕೊಟ್ಟು ದುಡಿದು, ಕಡೆಗೆ ಅವರ ಜನರಿಂದಲೇ ಹೊರದೂಡಲ್ಪಟ್ಟ ಹುವಾನ್ ಸೆಗೀನನ ಚರಿತ್ರೆಯನ್ನು ನಾವಿಲ್ಲಿ ನಿರೂಪಿಸುತ್ತೇವೆ.

ಸೆಗೀನನು ಸಾನ್ ಆಂಟೋನಿಯೋ ಪಟ್ಟಣದಲ್ಲಿ 1806ರ ಅಕ್ಟೋಬರ್ 27ರಂದು ಹುಟ್ಟಿದನು. ಆಗ ಆ ಸೀಮೆ ಸ್ಪೇನಿನ ಅಧೀನದಲ್ಲಿದ್ದಿತು. 1821ರಲ್ಲಿ ಸ್ವತಂತ್ರವಾದ ಮೆಕ್ಸಿಕೋವಿನ ಪಾಲಿಗೆ ಬಂದಿತು. ನೆಲ ಅಪಾರ, ಜನ ವಿರಳ, ಕೊಮಾಂಚೆ ಕುಲದವರ ದಾಳಿಯ ಭಯ ಬೇರೆ. ಹೊರಗಿನವರಿಗೆ ಭೂಮಿಯನ್ನಿತ್ತು ನೆಲೆಗೊಳಿಸಿದರೆ ಸೀಮೆ ಅಭಿವೃದ್ಧಿ ಹೊಂದೀತೆಂದು ಅಧಿಕಾರಿಗಳು ಎಣಿಸಿದರು. ಅಮೇರಿಕದಿಂದ ಬಂದ ಆಸ್ಟಿನನನ್ನು ಎದುರುಗೊಂಡು ಕರೆತಂದವನು ಹುವಾನನ ತಂದೆಯಾದ ಎರಾಸ್ಮೋ ಸೆಗೀನನೇ. ಉಭಯ ಕುಟುಂಬಗಳಿಗೂ ಗಾಢವಾದ ಸ್ನೇಹ ಬೆಳೆಯಿತು.

ಆದರೆ ಬಂದವರ ಪ್ರವಾಹ ಎಣಿಕೆಯನ್ನು ಮೀರಿತು. 1830ರ ಶಾಸನದಿಂದ ಮೆಕ್ಸಿಕೋ ಸರಕಾರ ವಲಸೆಯನ್ನು ತಡೆಯಲು ಹೊರಟಾಗ ಕಾಲ ಮಿಂಚಿದ್ದಿತು. ಹತ್ತಿಯ ಬೇಸಾಯದೊಡನೆ ಅವರು ಗುಲಾಮರನ್ನೂ ತಂದಿದ್ದರು. 1829ರಲ್ಲಿ ಮೆಕ್ಸಿಕೋ ಗುಲಾಮಗಿರಿಯನ್ನು ರದ್ದುಪಡಿಸಿದಾಗ ಟೆಕ್ಸಾಸಿಗೆ ವಿನಾಯಿತಿ ದೊರಕಿತು; ಸ್ಥಳೀಯ ಶ್ರೀಮಂತರೂ ಅದನ್ನೇ ಬಯಸಿದ್ದರು. ಈ ಕಳಂಕವನ್ನು ಮುಚ್ಚಿಟ್ಟು ಅವರ ಕಥೆ ಹೇಳುವುದು ನ್ಯಾಯವಲ್ಲ.

1824ರ ರಾಜ್ಯಘಟನೆಯನ್ನು ಸಾಂತಾ ಆನಾ ಮೂಲೆಗೊತ್ತಿ ಸರ್ವಾಧಿಕಾರಿಯಾದಾಗ, 1835ರಲ್ಲಿ ಸೆಗೀನನು ದಂಗೆಯ ಪಕ್ಷವನ್ನು ಸೇರಿದನು. ಆಲಮೋ ಕೋಟೆಯೊಳಗಿದ್ದ ಅವನನ್ನು ಸಹಾಯ ತರಲು ಹೊರಕ್ಕೆ ಕಳುಹಿದ್ದರಿಂದ ಜೀವ ಉಳಿಯಿತು. ಕೋಟೆ 1836ರ ಮಾರ್ಚ್ 6ರಂದು ಬಿದ್ದಿತು. ಏಪ್ರಿಲ್ 21ರ ಸಾನ್ ಹಾಸಿಂಟೋ ಯುದ್ಧದಲ್ಲಿ ಸ್ಪ್ಯಾನಿಷ್ ಭಾಷೆಯವರ ತುಕಡಿಗೆ ಅವನೇ ನಾಯಕ. ಶತ್ರುಗಳೆಂದು ಭ್ರಮಿಸಿ ಸ್ವಪಕ್ಷದವರೇ ಕೊಂದಾರೆಂಬ ಭಯದಿಂದ ಆ ಯೋಧರು ಟೋಪಿಗಳಲ್ಲಿ ರಟ್ಟಿನ ತುಂಡುಗಳನ್ನು ಸಿಕ್ಕಿಸಿಕೊಂಡು ಹೋರಾಡಿದರು. ರಣರಂಗದಲ್ಲಿ ರಟ್ಟು ಸಾಕಾಯಿತು; ಶಾಂತಿಕಾಲದಲ್ಲಿ ಅವರನ್ನು ಕಾಯುವ ಗುರುತೇನೂ ದೊರೆಯಲಿಲ್ಲ. ವಿಕ್ಟೋರಿಯಾ ಪಟ್ಟಣವನ್ನು ಸ್ಥಾಪಿಸಿದ ದೆ ಲಿಯೋನ್ ಮನೆತನವು ದಂಗೆಗೆ ನೆರವಾಗಿದ್ದರೂ ಅದೇ ವರ್ಷ ದೇಶವನ್ನು ಬಿಡಬೇಕಾಯಿತು.

1837ರ ಫೆಬ್ರವರಿಯಲ್ಲಿ ಆಲಮೋವಿನ ಹುತಾತ್ಮರ ಚಿತಾಭಸ್ಮಕ್ಕೆ ಅಂತ್ಯಸಂಸ್ಕಾರ ನಡೆಸಿದವನು ಸೆಗೀನನು. ಅದೇ ವರ್ಷ ಗಣರಾಜ್ಯದ ಸೆನೆಟ್ಟಿಗೆ ಆಯ್ಕೆಯಾದನು. ಇಂಗ್ಲಿಷ್ ಬಾರದ ಈ ಸದಸ್ಯನು, ಶಾಸನಗಳನ್ನು ಸ್ಪ್ಯಾನಿಷಿನಲ್ಲಿಯೂ ಮುದ್ರಿಸಬೇಕೆಂದು ಒತ್ತಾಯಪಡಿಸಿದನು. ತನಗೆ ತಿಳಿಯದ ಭಾಷೆಯ ಕಾಯಿದೆಗೆ ಪ್ರಜೆ ವಿಧೇಯನಾಗುವುದೆಂತು? 1839ರಲ್ಲಿ ಒಂದು ಊರಿಗೆ ಅವನ ಹೆಸರನ್ನೇ ಇಟ್ಟರು.

1841ರಲ್ಲಿ ಅವನು ಸಾನ್ ಆಂಟೋನಿಯೋವಿನ ಮೇಯರಾದನು. ಹಳೆಯ ವಲಸೆಗಾರರಿಗೆ ಅವನ ಸೇವೆಯ ಅರಿವಿದ್ದಿತು. ಯುದ್ಧಾನಂತರ ಬಂದ ಹೊಸಬರಿಗೆ ಅವನು ಕೇವಲ ಒಬ್ಬ ಮೆಕ್ಸಿಕನ್. ಪಟ್ಟಣದ ನೆಲವನ್ನು ಒತ್ತಿಕೊಂಡವರನ್ನು ಅವನು ಎದುರಿಸಿದ್ದು ದ್ವೇಷಕ್ಕೆ ಮೂಲವಾಯಿತು. 1842ರ ಮಾರ್ಚಿಯಲ್ಲಿ ಮೆಕ್ಸಿಕೋವಿನ ಸೇನಾನಿ ವಾಸ್ಕೆಸ್ ಪಟ್ಟಣಕ್ಕೆ ನುಗ್ಗಿ, ಸೆಗೀನನು ತಮ್ಮವನೆಂಬ ಸುದ್ದಿಯನ್ನು ಹಬ್ಬಿಸಿದನು. ಜನ ನಂಬಿತು. ಏಪ್ರಿಲ್ 18ರಂದು ಅವನು ರಾಜೀನಾಮೆಯಿತ್ತು, ರಿಯೋ ಗ್ರಾಂಡೆಯನ್ನು ದಾಟಿ ಓಡಿದನು.

ಅಲ್ಲಿಯೂ ಅವನು ದ್ರೋಹಿಯೇ. ಸೆರೆಮನೆಯೋ ಸೈನ್ಯವೋ ಎಂಬ ಇಕ್ಕಟ್ಟಿಗೆ ತನ್ನನ್ನು ದೂಡಿದರೆಂದು ಮುಂದೆ 1858ರ ಆತ್ಮವೃತ್ತಾಂತದಲ್ಲಿ ತಿಳಿಸಿದನು. ಸೆಪ್ಟೆಂಬರಿನಲ್ಲಿ ಮೆಕ್ಸಿಕೋವಿನ ದಂಡಿನೊಡನೆ ತನ್ನ ಊರಿಗೇ ಶತ್ರುವಾಗಿ ಬಂದನು. ಇದನ್ನು ನಾವು ಸಮರ್ಥಿಸಲಾರೆವು. ಆದರೆ ಸುಳ್ಳು ಅಪವಾದವನ್ನು ಹೊರಿಸಿ ಅದನ್ನು ನಿಜವಾಗುವಂತೆ ಮಾಡಿದವರು ಪಾಲುಗಾರರಲ್ಲವೆನ್ನಲೂ ಆರೆವು.

1848ರಲ್ಲಿ ಅವನು ಹಿಂದಿರುಗಿದನು. ಕೆಲಕಾಲ ನ್ಯಾಯಾಧಿಕಾರಿಯೂ ಆಗಿದ್ದನು. ಅಷ್ಟರಲ್ಲಿ ಟೆಕ್ಸಾಸಿನ ಜನಸಂಖ್ಯೆ 1847ರ ಗಣತಿಯಂತೆ ಸುಮಾರು 1,42,000ಕ್ಕೇರಿ, ಅವನ ಜನರು ಅಲ್ಪಸಂಖ್ಯಾತರಾಗಿದ್ದರು. ಅವನ ಬಳಿಕ ಸ್ಪ್ಯಾನಿಷ್ ವಂಶದ ಮೇಯರನ್ನು ಸಾನ್ ಆಂಟೋನಿಯೋ ಆರಿಸಿದ್ದು 1981ರಲ್ಲಿ. ಸೆಗೀನನು 1890ರ ಆಗಸ್ಟ್ 27ರಂದು ನದಿಯಾಚೆಯ ನುಯೇವೋ ಲಾರೇಡೋವಿನಲ್ಲಿ ತೀರಿಕೊಂಡನು. ಅವನ ಅಸ್ಥಿಗಳನ್ನು 1974ರಲ್ಲಿ ಟೆಕ್ಸಾಸಿಗೆ ತಂದು, 1976ರ ಜುಲೈ 4ರಂದು ಅವನ ಹೆಸರಿನ ಊರಿನಲ್ಲಿ ಸಮಾಧಿ ಮಾಡಿದರು.