ಮನಸ್ಸಿನ ಕಥೆ ಬರೆದ ತ್ರಿವೇಣಿ

 

ಈ ಸಲದ ಗೋಡೆ ಪತ್ರಿಕೆಗೆ ಒಬ್ಬೊಬ್ಬರೂ ಒಬ್ಬ ದೊಡ್ಡ ವ್ಯಕ್ತಿಯ ಜೀವನ ಚರಿತ್ರೆ ಬರೆಯಬೇಕು ಅಂತ ಕನ್ನಡ ಮೇಷ್ಟ್ರು ಹೇಳಿದರು. ನಮ್ಮ ಕ್ಲಾಸಿನಲ್ಲಿ ಬಹಳ ಜನ ವಿಶ್ವೇಶ್ವರಯ್ಯನವರು, ಕುವೆಂಪು, ಕಿತ್ತೂರು ಚೆನ್ನಮ್ಮ ಇವರನ್ನು ಆರಿಸಿಕೊಂಡಿದ್ದಾರೆ. ನಾನು ಕಾದಂಬರಿಗಾರ್ತಿ ತ್ರಿವೇಣಿಯವರನ್ನು ಆರಿಸಿಕೊಂಡೆ. ಈ ಹೆಸರು ಕೇಳಿಲ್ಲ ಅನ್ನುವವರು ಮನೆಗೆ ಹೋಗಿ ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ‘ಬೆಳ್ಳಿಮೋಡ’, ‘ಶರಪಂಜರ’ ಅಂದ ಕೂಡಲೇ ಅವರ ಮುಖ ಅರಳುತ್ತದೆ. ಆ ಕಥೆಗಳನ್ನು ಬರೆದವರೇ ಇವರು.

ಜನನ ಮತ್ತು ಮನೆತನ

ತ್ರಿವೇಣಿಯವರು 1928ನೇ ಇಸವಿ ಸೆಪ್ಟೆಂಬರ್ 1ರಂದು ಮಂಡ್ಯದಲ್ಲಿ ಹುಟ್ಟಿದರು. ಮಂಡ್ಯ ನಮಗೆ ದೂರದ ಊರಲ್ಲ. ನಮ್ಮ ಕೆಂಗೇರಿ ಸ್ಟೇಷನ್ನಿನಲ್ಲಿ ಮೈಸೂರಿನ ರೈಲು ಹತ್ತಿ ಕೂತರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ದಾಟಿ ಮಂಡ್ಯ ಬರುತ್ತದೆ. ಅದೇ ರೈಲು ಮುಂದೆ ಹೋಗಿ ನಿಲ್ಲುವ ಮೈಸೂರಿನಲ್ಲಿ ಅವರು ಓದಿದರು, ಬಾಳಿದರು, ಬರೆದರು.

ತ್ರಿವೇಣಿ ಎಂಬುದು ಅವರು ಬರೆಯುವುದಕ್ಕೆ ಇಟ್ಟುಕೊಂಡ ಹೆಸರು. ನಿಜವಾದ ಹೆಸರು ಅನಸೂಯ. ಮದುವೆಯಾದ ಮೇಲೆ ಅನಸೂಯಾ ಶಂಕರ್ ಆದರು. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕ ಬರೆದು ಕನ್ನಡ ಕವಿತೆಗೆ ಹೊಸ ದಾರಿ ತೋರಿಸಿದ ಬಿ.ಎಂ. ಶ್ರೀಕಂಠಯ್ಯನವರು ಗೊತ್ತಲ್ಲ? ಅವರೇ ಬಿ.ಎಂ.ಶ್ರೀ. ತ್ರಿವೇಣಿಯವರು ಅವರ ತಮ್ಮನ ಮಗಳು. ‘ಶುಭಮಂಗಳ’, ‘ಎರಡು ಕನಸು’ ಬರೆದ ವಾಣಿಯವರೂ ಇವರ ಹತ್ತಿರದ ಸಂಬಂಧಿ. ಹೀಗೆ ಅವರದು ಅಕ್ಷರವನ್ನು ಪ್ರೀತಿಸುವ ಮನೆತನ.

ವಿದ್ಯಾಭ್ಯಾಸ

ಹೆಣ್ಣುಮಕ್ಕಳಿಗೆ ಸ್ವಲ್ಪ ಓದು ಬಂದರೆ ಸಾಕು ಅಂತ ಬಹಳ ಮನೆಗಳಲ್ಲಿ ಶಾಲೆ ಬಿಡಿಸುತ್ತಿದ್ದ ಕಾಲ ಅದು. ಆದರೆ ತ್ರಿವೇಣಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು. ಅಲ್ಲಿ ಅವರು ಓದಿದ ವಿಷಯ ಮನಃಶಾಸ್ತ್ರ. ಅಂದರೆ ಮನುಷ್ಯನ ಮನಸ್ಸು ಹೇಗೆ ಕೆಲಸ ಮಾಡುತ್ತೆ, ಭಯ ಯಾಕೆ ಬರುತ್ತೆ, ದುಃಖ ಒಳಗೇ ಉಳಿದರೆ ಏನಾಗುತ್ತೆ ಅಂತ ತಿಳಿಸುವ ಶಾಸ್ತ್ರ. ಈ ಒಂದು ಓದು ಅವರ ಎಲ್ಲ ಬರವಣಿಗೆಗೂ ಬೇರಾಯಿತು. ಇದನ್ನು ನೀವು ಮರೆಯಬಾರದು, ಮುಂದೆ ಮತ್ತೆ ಹೇಳುತ್ತೇನೆ.

ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾದ ಮೇಲೆ ಮೈಸೂರಿನಲ್ಲೇ ಸಂಸಾರ ನಡೆಸಿದರು.

ಬರವಣಿಗೆ

ಅವರ ಮೊದಲನೇ ಕಾದಂಬರಿ ‘ಅಪಸ್ವರ’. ಇದು 1953ರಲ್ಲಿ ಬಂತು. ಅದರ ಮುಂದಿನ ಭಾಗ ‘ಅಪಜಯ’. ಆಮೇಲೆ ‘ಬೆಕ್ಕಿನ ಕಣ್ಣು’, ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಸೋತು ಗೆದ್ದವಳು’, ‘ಹೃದಯಗೀತೆ’, ‘ಕೀಲುಗೊಂಬೆ’, ‘ದೂರದ ಬೆಟ್ಟ’, ‘ಮುಕ್ತಿ’, ‘ಹೂವು ಹಣ್ಣು’, ‘ಶರಪಂಜರ’ ಹೀಗೆ ಒಂದರ ಹಿಂದೆ ಒಂದು ಬಂದವು. ‘ಹೆಂಡತಿಯ ಹೆಸರು’, ‘ಎರಡು ಮನಸ್ಸು’, ‘ಸಮಸ್ಯೆಯ ಮಗು’ ಎಂಬ ಮೂರು ಕಥಾಸಂಗ್ರಹಗಳೂ ಇವೆ. ‘ಅವಳ ಮನೆ’ ಕಾದಂಬರಿಗೆ ರಾಜ್ಯದ ಬಹುಮಾನ ಬಂತು. ಒಟ್ಟು ಕಾದಂಬರಿಗಳು ಸುಮಾರು ಇಪ್ಪತ್ತು. ಬರೆದದ್ದು ಸುಮಾರು ಹತ್ತೇ ವರ್ಷ. ನಾನು ಲೆಕ್ಕ ಹಾಕಿ ನೋಡಿದೆ. ವರ್ಷಕ್ಕೆ ಸುಮಾರು ಎರಡು ಕಾದಂಬರಿ ಆಗುತ್ತದೆ. ನಾವು ಎರಡು ಪುಟದ ಪ್ರಬಂಧಕ್ಕೇ ಭಾನುವಾರ ಸಂಜೆವರೆಗೆ ಒದ್ದಾಡುತ್ತೇವೆ.

ನಮ್ಮ ದೊಡ್ಡಮ್ಮ ವಿಜಯನಗರದಲ್ಲಿ ಇದ್ದಾರೆ. ಅವರು ಹುಡುಗಿಯಾಗಿದ್ದಾಗ ಅಲ್ಲಿ ಕಾದಂಬರಿಗಳನ್ನು ಬಾಡಿಗೆಗೆ ಕೊಡೋ ಅಂಗಡಿ ಇತ್ತಂತೆ. ತ್ರಿವೇಣಿಯವರ ಪುಸ್ತಕ ಅಂಗಡಿಯಲ್ಲಿ ನಿಲ್ತಾನೇ ಇರಲಿಲ್ಲವಂತೆ. ಒಂದು ಪುಸ್ತಕ ತಂದರೆ ಒಂದೇ ದಿನದಲ್ಲಿ ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆಯವರು ಮೂವರೂ ಓದಿ ವಾಪಸ್ ಕೊಡುತ್ತಿದ್ದರಂತೆ. ಒಲೆ ಮೇಲೆ ಅನ್ನ ಸೀದು ಹೋದದ್ದೂ ಉಂಟಂತೆ. ದೊಡ್ಡಮ್ಮ ಕೊಟ್ಟ ಹಳೇ ‘ಶರಪಂಜರ’ ಪುಸ್ತಕವನ್ನೇ ನಾನು ಬೇಸಿಗೆ ರಜದಲ್ಲಿ ಓದಿದ್ದು. ಹಾಳೆಯೆಲ್ಲ ಹಳದಿಯಾಗಿತ್ತು, ಮಡಿಚಿದರೆ ಮುರಿಯುತ್ತಿತ್ತು.

ಅವರ ಕಥೆ ಹೇಳುವ ರೀತಿ

ತ್ರಿವೇಣಿಯವರು ಪ್ರೇಮದ ಕಥೆ ಬರೆದರು. ಬೇರೆ ಎಷ್ಟೋ ಕಥೆಗಳು ಮದುವೆ ಊಟ ಆದ ಕೂಡಲೇ ಮುಗಿದುಹೋಗುತ್ತವೆ. ಇವರ ಕಥೆಯಲ್ಲಿ ಕಷ್ಟ ಶುರುವಾಗುವುದೇ ಆಮೇಲೆ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದೂ ಒಬ್ಬರ ಮನಸ್ಸು ಒಬ್ಬರಿಗೆ ಗೊತ್ತಾಗದೆ ಇರುವುದು, ಹೇಳಬೇಕಾದ ಮಾತು ಗಂಟಲಲ್ಲೇ ನಿಲ್ಲುವುದು ಇವೆಲ್ಲ ಅದರಲ್ಲಿ ಬರುತ್ತವೆ. ಅವರ ಭಾಷೆ ಸರಳ. ನಿಘಂಟು ತೆಗೆಯಬೇಕಾದ ಪದ ಕಡಿಮೆ. ಮನೆಯಲ್ಲಿ ಕೂತು ಯಾರೋ ಮಾತಾಡಿದ ಹಾಗೆ ಇರುತ್ತದೆ. ಕಥೆ ನಡೆಯುವ ಜಾಗ ಕೂಡ ಅಡಿಗೆ ಮನೆ, ನಡುಮನೆ, ಬಾಣಂತಿ ಕೋಣೆ.

ಅದಕ್ಕೇ ಆಗಿನ ಕೆಲವರು ಹೆಂಗಸರು ಬರೆದದ್ದನ್ನು ಅಡುಗೆಮನೆ ಸಾಹಿತ್ಯ ಅಂತ ಹಗುರವಾಗಿ ಆಡಿಕೊಳ್ಳುತ್ತಿದ್ದರಂತೆ. ನನಗೆ ಇದು ಸರಿ ಅನ್ನಿಸೋದಿಲ್ಲ. ರಾಜರು ಯುದ್ಧ ಮಾಡಿದ್ದನ್ನು ಪಾಠದಲ್ಲಿ ಓದುತ್ತೇವೆ. ಅಡಿಗೆ ಮನೆಯಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಯಾಕೆ ಅಳುತ್ತಿದ್ದಳು ಅಂತಲೂ ಯಾರಾದರೂ ಬರೆಯಬೇಕಲ್ಲವೇ?

‘ಬೆಳ್ಳಿಮೋಡ’ದಲ್ಲಿ ಇಂದಿರಾ ಎಂಬ ಹುಡುಗಿ ಇದ್ದಾಳೆ. ಅವಳು ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು. ಅವಳ ತಂದೆಯ ದುಡ್ಡಿನಲ್ಲೇ ಮೋಹನ ಎಂಬುವನು ಪರದೇಶಕ್ಕೆ ಹೋಗಿ ಓದುತ್ತಾನೆ. ಬಂದ ಮೇಲೆ ಇಂದಿರಾಳನ್ನು ಮದುವೆಯಾಗಬೇಕು ಅಂತ ಮಾತಾಗಿರುತ್ತದೆ. ಅಷ್ಟರಲ್ಲಿ ಅವಳಿಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇವಳಿಗೆ ಬರೋದಿಲ್ಲ ಅಂತ ಗೊತ್ತಾದಾಗ ಮೋಹನ ಮಾತು ಬದಲಾಯಿಸುತ್ತಾನೆ. ಮುಂದೆ ಅವನಿಗೆ ಅಪಘಾತ ಆದಾಗ ಇಂದಿರಾನೇ ಆರೈಕೆ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪ ಆಗುತ್ತದೆ, ಮದುವೆ ಆಗೋಣ ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಅವನ ಮೇಲೆ ಸಿಟ್ಟಿಲ್ಲ, ಆದರೆ ಮುರಿದುಹೋದ ನಂಬಿಕೆ ಮತ್ತೆ ಬರಲಿಲ್ಲ. ಇಂಥ ಧೈರ್ಯದ ಹುಡುಗಿಯನ್ನು ಅಷ್ಟು ಹಿಂದೆಯೇ ಅವರು ಬರೆದರು.

ಶರಪಂಜರ

ಈಗ ಮನಃಶಾಸ್ತ್ರದ ವಿಷಯಕ್ಕೆ ಬರುತ್ತೇನೆ. ಶರ ಅಂದರೆ ಬಾಣ. ಪಂಜರ ಗೊತ್ತೇ ಇದೆ. ಬಾಣಗಳಿಂದಲೇ ಕಟ್ಟಿದ ಪಂಜರದಲ್ಲಿ ಯಾವ ಕಡೆ ತಿರುಗಿದರೂ ಚುಚ್ಚುತ್ತದೆ.

ಈ ಕಾದಂಬರಿಯ ಕಾವೇರಿ ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ. ಗಂಡ ಸತೀಶ ಅವಳನ್ನು ಮೆಚ್ಚಿ ಮದುವೆಯಾದವನು. ಹೆರಿಗೆಯಾದ ಮೇಲೆ ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ಡಾಕ್ಟರು ಗುಣಮಾಡಿ ಕಳಿಸುತ್ತಾರೆ. ಅವಳು ಸಂತೋಷದಿಂದ ಮನೆಗೆ ಬರುತ್ತಾಳೆ. ಆದರೆ ಮನೆ ಮೊದಲಿನ ಹಾಗೆ ಇಲ್ಲ. ಅವಳು ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಗಂಡನೂ ದೂರವಾಗುತ್ತಾನೆ. ಕೊನೆಗೆ ಅವಳ ಮನಸ್ಸು ಮತ್ತೆ ಕೆಡುತ್ತದೆ. ಔಷಧಿ ಗುಣ ಮಾಡಿದ್ದನ್ನು ಜನರು ಕೆಡಿಸಿದರು.

ತ್ರಿವೇಣಿಯವರು ಇದನ್ನು ದೆವ್ವ, ಗಾಳಿ, ಶಾಪ ಅಂತ ಬರೆಯಲಿಲ್ಲ. ಜ್ವರದ ಹಾಗೆ ಇದೂ ಒಂದು ಕಾಯಿಲೆ, ಚಿಕಿತ್ಸೆ ಇದೆ, ವಾಸಿಯಾಗುತ್ತದೆ ಅಂತ ಬರೆದರು. ಅವರು ಬರೆಯುತ್ತಿದ್ದ ಕಾಲದಲ್ಲೇ, 1954ರಲ್ಲಿ, ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಅದೂ ಅಲ್ಲಿದ್ದ ಮಾನಸಿಕ ಆಸ್ಪತ್ರೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಡಾಕ್ಟರುಗಳು ಆಸ್ಪತ್ರೆಯಲ್ಲಿ ಹೇಳುತ್ತಿದ್ದ ವಿಷಯವನ್ನು ಇವರು ಕಥೆ ಮಾಡಿ ಮನೆಮನೆಗೆ ತಲುಪಿಸಿದರು.

ಇಲ್ಲಿ ನಾನು ಒಂದು ಮಾತು ಬರೆಯಬೇಕು. ಅಮ್ಮನನ್ನೂ ಚಿಕ್ಕಮ್ಮನನ್ನೂ ಕೇಳಿಯೇ ಬರೆಯುತ್ತಿದ್ದೇನೆ. ನಮ್ಮ ಚಿಕ್ಕಮ್ಮನಿಗೆ ಪಾಪು ಹುಟ್ಟಿದ ಮೇಲೆ ಇದೇ ಥರ ಆಗಿತ್ತು. ರಾತ್ರಿ ನಿದ್ದೆ ಇರಲಿಲ್ಲ. ಮಗುವನ್ನು ಎತ್ತಿಕೊಳ್ಳೋದಕ್ಕೇ ಹೆದರುತ್ತಿದ್ದರು. ಮೊದಲು ಮನೆಯವರು ತಾಯಿತ ಕಟ್ಟಿಸಿದರು. ಆಮೇಲೆ ಆಶಾ ಕಾರ್ಯಕರ್ತೆಯಾದ ಅಕ್ಕ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಹೇಳಿದರು. ಕೆಲವು ತಿಂಗಳು ಮಾತ್ರೆ ತೆಗೆದುಕೊಂಡರು. ಈಗ ಪೂರ್ತಿ ವಾಸಿಯಾಗಿದೆ. ಸೀರೆಗೆ ಕುಚ್ಚು ಹಾಕುತ್ತಾರೆ, ನನಗೆ ಲೆಕ್ಕ ಹೇಳಿಕೊಡುತ್ತಾರೆ, ಪಾಪು ಅವರ ಸೆರಗು ಬಿಡೋದಿಲ್ಲ.

ಆದರೂ ಹೋದ ಗೌರಿ ಹಬ್ಬದಲ್ಲಿ ಬೀದಿಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದ ಒಂದು ಮನೆಯವರು ಚಿಕ್ಕಮ್ಮನನ್ನು ಮಾತ್ರ ಕರೆಯಲಿಲ್ಲ. ನಲ್ಲಿ ಹತ್ತಿರ ಅವರು ಹೋದರೆ ಮಾತು ನಿಲ್ಲುತ್ತದೆ. ನಮ್ಮ ಶಾಲೆಯ ಕೆಲವು ಮಕ್ಕಳೂ ಅವರನ್ನು ಕಂಡು ಒಂದು ಹೆಸರು ಕೂಗಿ ಓಡಿಹೋಗುತ್ತಾರೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೂಗಿದವರಿಗೆ ಗೊತ್ತು. ನಾನು ‘ಶರಪಂಜರ’ ಓದಿದಾಗ ಕಾವೇರಿಯ ಜಾಗದಲ್ಲಿ ನನಗೆ ಚಿಕ್ಕಮ್ಮನೇ ಕಂಡರು. ಕಥೆಯಲ್ಲಿ ಆದದ್ದನ್ನು ಯಾರೂ ಬದಲಾಯಿಸೋಕೆ ಆಗೋದಿಲ್ಲ. ನಮ್ಮ ಊರಲ್ಲಿ ಬದಲಾಯಿಸಬಹುದು ಅಂತ ನನಗೆ ಅನ್ನಿಸಿತು.

ಅಕಾಲ ಮರಣ

ತ್ರಿವೇಣಿಯವರ ಬಾಳು ಬಹಳ ಚಿಕ್ಕದು. 1963ರಲ್ಲಿ ಅವರಿಗೆ ಹೆಣ್ಣು ಮಗು ಹುಟ್ಟಿತು. ಹೆರಿಗೆಯಾದ ಕೆಲವೇ ದಿನಗಳಲ್ಲಿ, ಜುಲೈ 29ರಂದು, ಮೈಸೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ 35 ತುಂಬಿರಲಿಲ್ಲ. ಬಾಣಂತಿಯರ ನೋವನ್ನು ಅಷ್ಟು ಚೆನ್ನಾಗಿ ಬರೆದವರು ತಾವೂ ಬಾಣಂತನದಲ್ಲೇ ಹೋದರು. ಅವರು ಬರೆಯುತ್ತಿದ್ದ ‘ಅವಳ ಮಗಳು’ ಎಂಬ ಕಾದಂಬರಿ ಅರ್ಧಕ್ಕೇ ನಿಂತುಹೋಯಿತು. ಅದನ್ನು ಆಮೇಲೆ ಲೇಖಕಿ ಎಂ.ಸಿ. ಪದ್ಮಾ ಅವರು ಮುಗಿಸಿದರು. ಈ ಕಾದಂಬರಿಯ ಹೆಸರು ಬರೆಯುವಾಗ ನನಗೆ ಕೈ ನಿಂತಿತು.

ಸಿನಿಮಾಗಳು

ಅವರು ಹೋದ ಮೇಲೂ ಕಥೆಗಳು ನಿಲ್ಲಲಿಲ್ಲ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರು ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು 1966ರಲ್ಲಿ ಮಲಯಾಳಂ ಭಾಷೆಯಲ್ಲಿ ಸಿನಿಮಾ ಮಾಡಿದರು. 1967ರಲ್ಲಿ ಕನ್ನಡದಲ್ಲಿ ‘ಬೆಳ್ಳಿಮೋಡ’ ಮಾಡಿದರು. 1968ರಲ್ಲಿ ‘ಹಣ್ಣೆಲೆ ಚಿಗುರಿದಾಗ’ ಬಂತು, ಅದರಲ್ಲಿ ಡಾ. ರಾಜ್‌ಕುಮಾರ್ ಇದ್ದಾರೆ. 1971ರಲ್ಲಿ ಪುಟ್ಟಣ್ಣನವರದೇ ‘ಶರಪಂಜರ’ ಬಂತು. ಕಾವೇರಿಯ ಪಾತ್ರದಲ್ಲಿ ಮಿನುಗುತಾರೆ ಕಲ್ಪನಾ ನಟಿಸಿದರು. ನಮ್ಮಜ್ಜಿ ಅದನ್ನು ಟೆಂಟ್ ಸಿನಿಮಾದಲ್ಲಿ ನೋಡಿದರಂತೆ. ಮರಳಿನ ಮೇಲೆ ಕೂತಿದ್ದ ಹೆಂಗಸರೆಲ್ಲ ಅತ್ತು, ಮನೆಗೆ ಬರುವ ದಾರೀಲಿ ಯಾರೂ ಮಾತಾಡಲಿಲ್ಲವಂತೆ. 1993ರಲ್ಲಿ ‘ಹೂವು ಹಣ್ಣು’ ಕೂಡ ಸಿನಿಮಾ ಆಯಿತು. ಇಷ್ಟರಲ್ಲಿ ಒಂದನ್ನೂ ತ್ರಿವೇಣಿಯವರು ನೋಡಲಿಲ್ಲ.

ನಾವು ಕಲಿಯಬೇಕಾದದ್ದು

ತ್ರಿವೇಣಿ ಅಂದರೆ ಮೂರು ನದಿ ಸೇರುವ ಜಾಗ. ನನ್ನ ಪ್ರಕಾರ ಇವರ ಪುಸ್ತಕದಲ್ಲಿ ಪ್ರೀತಿ, ಸಂಸಾರ, ಮನಸ್ಸು ಎಂಬ ಮೂರು ನದಿಗಳು ಸೇರಿವೆ. ಮೊದಲನೇ ಎರಡನ್ನು ಬಹಳ ಜನ ಬರೆದಿದ್ದರು. ಕಾಲು ಮುರಿದವನು ವಾಸಿಯಾಗಿ ಬಂದರೆ ಊರೆಲ್ಲ ಬಂದು ಹೇಗಿದ್ದೀಯಪ್ಪ ಅಂತ ವಿಚಾರಿಸುತ್ತದೆ. ಮನಸ್ಸು ನೊಂದು ವಾಸಿಯಾಗಿ ಬಂದವರಿಗೂ ಹಾಗೇ ಬಾಗಿಲು ತೆರೆಯಬೇಕು ಅಂತ ಇವರು ಕನ್ನಡದ ಹೆಣ್ಣುಮಕ್ಕಳಿಗೆಲ್ಲ ಕಥೆಯಲ್ಲಿ ತಿಳಿಸಿದರು.

ಗೆಳೆಯರೇ, ದೊಡ್ಡವರಾದ ಮೇಲೆ ನೀವೂ ಅವರ ಕಾದಂಬರಿ ಓದಿ. ಗ್ರಂಥಾಲಯದಲ್ಲಿ ಕೇಳಿದರೆ ಸಿಗುತ್ತದೆ. ಅಲ್ಲಿಯ ತನಕ ಒಂದು ಕೆಲಸ ಮಾಡಿ. ನಮ್ಮ ಬೀದಿಯಲ್ಲಿ ಚಿಕ್ಕಮ್ಮ ಎದುರಿಗೆ ಬಂದರೆ ಓಡಬೇಡಿ. ಊಟ ಆಯ್ತಾ ಆಂಟಿ ಅಂತ ಕೇಳಿ. ಅವರು ಆಯ್ತು ಕಣಪ್ಪ ಅಂತ ಹೇಳುತ್ತಾರೆ, ಅಷ್ಟೇ. ಇನ್ನೇನೂ ಆಗೋದಿಲ್ಲ.

ಇಂತಿ,
ಏಳನೇ ತರಗತಿ ವಿದ್ಯಾರ್ಥಿನಿ