ದನಿ ಹಿಡಿದು ತಾಳ ಕೂಡಿಸಿದ ಡ್ರಮ್ಮರ್

ಮೈಕೆಲ್ ಜಾಕ್ಸನ್ ಅವರ ‘ಬೀಟ್ ಇಟ್’ ಕೇಳದವರು ಕಡಿಮೆ. ಅದಕ್ಕೆ ಡ್ರಮ್ಸ್ ನುಡಿಸಿದ ಜೆಫ್ ಪೊರ್ಕಾರೊ ಹೆಸರು ಬಲ್ಲವರೂ ಕಡಿಮೆಯೇ.

1954ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದರು. ಡ್ರಮ್ಮರ್ ಆಗಿದ್ದ ತಂದೆ ಜೋ ಅವರೇ ಮೊದಲ ಗುರು. ಹೆಚ್ಚುಕಡಿಮೆ ನಮ್ಮ ಪಿಯುಸಿ ವಯಸ್ಸಿನಲ್ಲೇ ಸೋನಿ ಮತ್ತು ಶೆರ್ ಜೋಡಿಯೊಂದಿಗೆ ಕಾರ್ಯಕ್ರಮಗಳಿಗೆ ಹೊರಟರು. ಮುಂದೆ ಸ್ಟೀಲಿ ಡ್ಯಾನ್‌ನ ಜಾಝ್ ಛಾಯೆಯ ಹಾಡುಗಳಿಗೂ, ತಮ್ಮದೇ ‘ಟೋಟೊ’ ತಂಡದ ರಾಕ್‌ಗೂ ನುಡಿಸಿದರು.

1982ರಲ್ಲಿ ‘ಬೀಟ್ ಇಟ್’ ಟೇಪುಗಳ ಹೊಂದಾಣಿಕೆ ತಪ್ಪಿತು. ಜಾಕ್ಸನ್ ದನಿ, ಎಡ್ಡಿ ವ್ಯಾನ್ ಹೇಲನ್ ಗಿಟಾರ್ ಉಳಿಸಿಕೊಂಡು ಮಿಕ್ಕದ್ದನ್ನು ಹೊಸದಾಗಿ ನುಡಿಸಬೇಕಿತ್ತು. ಸಾಮಾನ್ಯವಾಗಿ ಮೊದಲು ಡ್ರಮ್ಸ್, ಆಮೇಲೆ ಗಾಯನ. ಪೊರ್ಕಾರೊ ಮಾತ್ರ, ನಮ್ಮ ಕಚೇರಿಯ ಮೃದಂಗ ವಿದ್ವಾಂಸರಂತೆ, ಆಗಲೇ ಹಾಡಿಟ್ಟ ದನಿಗೆ ಕಿವಿಗೊಟ್ಟು ತಾಳ ಕೂಡಿಸಿದರು. ಇದು ಸುಲಭದ ಕೆಲಸವಲ್ಲ!

ಮರುವರ್ಷ ಅವರದೇ ತಂಡದ ‘ರೊಸಾನಾ’ಗೆ ಗ್ರ್ಯಾಮಿ ಬಂತು. 1992ರ ಆಗಸ್ಟ್ 5ರಂದು ತೀರಿಕೊಂಡಾಗ ಅವರಿಗೆ 38 ವರ್ಷ.